‘ತಿಪ್ಪೇಸ್ವಾಮಿ’: ಈ ಹೆಸರು ಬಂದದ್ದು ಎಲ್ಲಿಂದ? ನಗುವ ಮೊದಲು ಇದನ್ನು ಓದಿ

ತಿಪ್ಪೇಸ್ವಾಮಿ, ತಿಪ್ಪಯ್ಯ, ತಿಪ್ಪಮ್ಮ. ಚಳ್ಳಕೆರೆ, ಮೊಳಕಾಲ್ಮುರು ಕಡೆ ಈ ಹೆಸರುಗಳಿಲ್ಲದ ಊರು ಹುಡುಕುವುದು ಕಷ್ಟ. ಆದರೆ ಊರು ಬಿಟ್ಟು ಕಾಲೇಜಿಗೋ ಕೆಲಸಕ್ಕೋ ಹೋದಾಗ, ‘ತಿಪ್ಪೆಯಾ?’ ಎಂದು ನಗುವವರು ಇದ್ದೇ ಇರುತ್ತಾರೆ. ಅದಕ್ಕೇ ಕೆಲವರು ಹೆಸರನ್ನೇ ‘ಸ್ವಾಮಿ’ ಎಂದು ಮೊಟಕು ಮಾಡಿಕೊಳ್ಳುತ್ತಾರೆ. ನಿಜಕ್ಕೂ ಇದು ನಾಚಿಕೆಪಡುವ ಹೆಸರೇ? ನೋಡೋಣ.

ಮೊದಲ ಮೂಲ: ನಾಯಕನಹಟ್ಟಿ

ಚಳ್ಳಕೆರೆ ತಾಲ್ಲೂಕಿನ ನಾಯಕನಹಟ್ಟಿಯಲ್ಲಿ ಗುರು ತಿಪ್ಪೇರುದ್ರಸ್ವಾಮಿಯ ಒಳಮಠ, ಹೊರಮಠಗಳಿವೆ. ಬರದ ಸೀಮೆಯಲ್ಲಿ ಕೆರೆ ಕಟ್ಟಿಸಿದ ಗುರು ಎಂದು ಜನ ಅವರನ್ನು ನೆನೆಯುತ್ತಾರೆ. ‘ಮಾಡಿದಷ್ಟು ನೀಡು ಭಿಕ್ಷೆ’ ಎಂಬುದು ಅವರ ಮಾತೆಂದೇ ಪ್ರಸಿದ್ಧ. ಫಾಲ್ಗುಣ ಮಾಸದ ತೇರಿಗೆ ಸುತ್ತಲಿನ ಜಿಲ್ಲೆಗಳಿಂದ, ಆಂಧ್ರದ ಗಡಿಯಿಂದಲೂ ಜನ ಸೇರುತ್ತಾರೆ.

ಹೆಸರು ಹರಡಿದ್ದು ಹರಕೆಯಿಂದ. ಮಗುವಾದರೆ ನಿನ್ನ ಹೆಸರಿಡುತ್ತೇವೆ ಎಂದು ಬೇಡಿಕೊಂಡವರು ಹಾಗೇ ಇಟ್ಟರು. ಮುಂದೆ ಅಜ್ಜನ ಹೆಸರು ಮೊಮ್ಮಗನಿಗೆ ಬಂತು. ಹಲವು ಜಾತಿಗಳಲ್ಲಿ ಈ ಹೆಸರಿದೆ. ಆದ್ದರಿಂದ ಹೆಸರು ನೋಡಿ ಜಾತಿ ಹೇಳುತ್ತೇವೆ ಎನ್ನುವುದು ಇಲ್ಲಿ ನಡೆಯದು. ಹೊನ್ನಾಳಿಯಲ್ಲಿ ಹುಟ್ಟಿದ ವಿದ್ವಾಂಸರೊಬ್ಬರ ಹೆಸರೂ ಎಚ್. ತಿಪ್ಪೇರುದ್ರಸ್ವಾಮಿ. ‘ಕರ್ನಾಟಕ ಸಂಸ್ಕೃತಿ ಸಮೀಕ್ಷೆ’ ಕೃತಿಗೆ ಅವರು 1969ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದರು.

ಎರಡನೆಯ ಮೂಲ: ಮಗು ಉಳಿಯಲೆಂಬ ಆಸೆ

ಹುಟ್ಟಿದ ಮಕ್ಕಳು ಒಂದರ ಹಿಂದೊಂದು ಸಾಯುತ್ತಿದ್ದ ಮನೆಗಳಲ್ಲಿ, ಮುಂದಿನ ಮಗುವನ್ನು ತಿಪ್ಪೆಯ ಮೇಲೆ ಮಲಗಿಸಿ ಎತ್ತಿಕೊಂಡು, ತಿಪ್ಪಯ್ಯ, ತಿಪ್ಪಮ್ಮ ಎಂದು ಕರೆಯುವ ರೂಢಿಯಿತ್ತು. ಬೇಡದ ವಸ್ತು ಎಂದುಕೊಂಡು ಕೆಟ್ಟ ದೃಷ್ಟಿ, ಸಾವು ದಾಟಿ ಹೋಗಲಿ ಎಂಬ ನಂಬಿಕೆ. ತೆಲುಗಿನ ಪೆಂಟಯ್ಯ, ತಮಿಳಿನ ಕುಪ್ಪುಸ್ವಾಮಿ ಹೆಸರುಗಳ ಹಿಂದೆಯೂ ಇದೇ ರೂಢಿಯಿದೆ. ದೂರದ ರಷ್ಯಾದಲ್ಲೂ ಹಿಂದೆ ಗಂಡುಮಕ್ಕಳಿಗೆ ‘ನೆಕ್ರಾಸ್’ ಎಂದು ಹೆಸರಿಡುತ್ತಿದ್ದರು. ‘ಚೆಂದವಿಲ್ಲದವನು’ ಎಂದು ಅದರ ಅರ್ಥ. ಕವಿ ನೆಕ್ರಾಸೊವ್ ಅವರ ಮನೆತನದ ಹೆಸರು ಬಂದದ್ದು ಅದರಿಂದಲೇ.

ಹೆಸರು ಮಗುವನ್ನು ಕಾಪಾಡುತ್ತದೆಯೇ?

ಇಲ್ಲ. ಆಗ ಮಕ್ಕಳನ್ನು ಒಯ್ಯುತ್ತಿದ್ದದ್ದು ಸಿಡುಬು, ವಾಂತಿಭೇದಿ, ಧನುರ್ವಾಯು. ಧನುರ್ವಾಯು ತರುವ ಬ್ಯಾಕ್ಟೀರಿಯಾ ಮಣ್ಣಿನಲ್ಲಿ, ಸಗಣಿಯಲ್ಲೇ ಇರುತ್ತದೆ. ಹೊಕ್ಕುಳಬಳ್ಳಿಯ ಹಸಿ ಗಾಯದ ಮೂಲಕ ಅದು ಮೈಗೆ ಸೇರಬಲ್ಲದು. ಅಂದರೆ ಹಸುಗೂಸನ್ನು ತಿಪ್ಪೆಯ ಮೇಲೆ ಮಲಗಿಸುವುದು ಅಪಾಯವೇ. ಗರ್ಭಿಣಿಗೆ ಲಸಿಕೆ, ಶುಚಿಯಾದ ಹೆರಿಗೆ, ಇವೆರಡರಿಂದ ಪರಿಸ್ಥಿತಿ ಬದಲಾಯಿತು. 2015ರಲ್ಲಿ ಭಾರತವು ತಾಯಿ ಮತ್ತು ನವಜಾತ ಶಿಶುಗಳ ಧನುರ್ವಾಯುವನ್ನು ನಿರ್ಮೂಲನೆ ಮಾಡಿದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಮಾನ್ಯ ಮಾಡಿತು. ಆದ್ದರಿಂದ ಹೆಸರು ಬೇಕಾದರೆ ಇಡಿ, ಲಸಿಕೆ ಮಾತ್ರ ತಪ್ಪಿಸಬೇಡಿ.

ಇನ್ನು ತಿಪ್ಪೆಯ ಮಾತು. ರೈತನಿಗೆ ಅದು ಕಸವಲ್ಲ, ಹೊಲಕ್ಕೆ ಹೋಗುವ ಗೊಬ್ಬರ. ದೀಪಾವಳಿಯಲ್ಲಿ ತಿಪ್ಪೆಗೂ ದೀಪ ಇಡುವ ಪದ್ಧತಿ ನಮ್ಮ ಹಳ್ಳಿಗಳಲ್ಲಿದೆ.

ಈ ಹೆಸರನ್ನು ಆಡಿಕೊಳ್ಳುವ ಜೋಕು ನಿಮ್ಮ ಗ್ರೂಪಿಗೆ ಬಂದರೆ ಮುಂದಕ್ಕೆ ಕಳಿಸಬೇಡಿ. ಆ ಹೆಸರಿನ ಹಿಂದೆ ಒಂದು ಮನೆಯ ಹರಕೆ ಇರಬಹುದು, ಇಲ್ಲವೇ ಮಕ್ಕಳನ್ನು ಕಳೆದುಕೊಂಡ ತಾಯಿಯೊಬ್ಬಳ ಭಯ ಇರಬಹುದು.