ಕದಿರಿನ ಮಾತು ಕಚೇರಿಗೆ ಕೇಳಲಿ



ಘಟಪ್ರಭೆಯು ಬಂಡೆಯಿಂದ ಧುಮುಕುವ ಗೋಕಾಕ ಫಾಲ್ಸಿನಲ್ಲಿ ನೀರಿನ ಬಲವನ್ನು ನೆಚ್ಚಿ 1880ರ ದಶಕದಲ್ಲಿ ನೂಲಿನ ಗಿರಣಿಯೊಂದು ತಲೆಯೆತ್ತಿತು. ಅದರ ಆಡಳಿತವು ಬಹುಕಾಲ ಮುಂಬಯಿಯ ಫೋರ್ಬ್ಸ್ ಸಂಸ್ಥೆಯ ಕೈಯಲ್ಲಿತ್ತು. ಕದಿರು ತಿರುಗುವುದು ಒಂದೂರಿನಲ್ಲಿ, ಅದರ ಕುರಿತ ನಿರ್ಣಯವಾಗುವುದು ಇನ್ನೊಂದೂರಿನಲ್ಲಿ. ಇದು ಆ ಒಂದು ಗಿರಣಿಯ ದೋಷವಲ್ಲ; ದೊಡ್ಡ ಉದ್ಯಮಗಳ ಕಟ್ಟಡವೇ ಹಾಗಿರುತ್ತದೆ. ಇಂದು ಪುಣೆ, ಬೆಂಗಳೂರುಗಳಲ್ಲಿ ದುಡಿಯುತ್ತಿರುವ ನಮ್ಮ ಭಾಗದ ಮಕ್ಕಳಿಗೂ ಈ ದೂರದ ಅನುಭವವುಂಟು.

ಈ ದೂರದಿಂದಾಗುವ ಹಾನಿಯೇನು? ನೂಲುವ ಕೆಲಸವನ್ನೇ ನೋಡೋಣ. ಗಾಳಿಯಲ್ಲಿ ತೇವ ಕಡಿಮೆಯಾದರೆ ಹತ್ತಿಯ ಎಳೆ ಬೇಗ ಹರಿಯುತ್ತದೆ. ಕದಿರಿನ ವೇಗ ಹೆಚ್ಚಿದರೆ ಎಳೆಯ ಮೇಲಿನ ಬಿಗಿತ ಹೆಚ್ಚಿ ಮತ್ತಷ್ಟು ಹರಿಯುತ್ತದೆ. ಒಬ್ಬರಿಗೆ ಹೆಚ್ಚು ಕದಿರುಗಳನ್ನು ಒಪ್ಪಿಸಿದರೆ, ಹರಿದ ಎಳೆಗಳನ್ನು ಹೊಸೆದು ಕೂಡಿಸುವಷ್ಟರಲ್ಲಿ ಹತ್ತಿ ಪೋಲಾಗುತ್ತದೆ. ಪಾಳಿಯಲ್ಲಿ ನಿಂತವರಿಗೆ ಇದು ಬೆರಳಿನ ತುದಿಯಲ್ಲಿ ತಿಳಿಯುತ್ತದೆ. ಮೇಲಿನವರ ಮೇಜಿಗೆ ಬರುವುದು ಉತ್ಪಾದನೆ ಇಳಿದಿದೆ ಎಂಬ ಅಂಕಿಯೊಂದೇ. ಅಂಕಿಯನ್ನು ಕಂಡವರು ವೇಗ ಹೆಚ್ಚಿಸಿರೆಂದು ಆಜ್ಞಾಪಿಸುತ್ತಾರೆ. ರೋಗಕ್ಕೆ ಕಾರಣವಾದುದನ್ನೇ ಔಷಧವೆಂದು ಕುಡಿಸಿದಂತಾಗುತ್ತದೆ.

ಸತ್ಯವು ಮೇಲಕ್ಕೇಕೆ ಏರದು? ಮೇಸ್ತ್ರಿಯು ಮೇಲಧಿಕಾರಿಗೆ ಅಂಜಿ ಮಾತನ್ನು ಮೆದುಗೊಳಿಸುತ್ತಾನೆ. ಅಧಿಕಾರಿಯು ವ್ಯವಸ್ಥಾಪಕರಿಗೆ ಅಂಜಿ ಮತ್ತಷ್ಟು ಮೆದುಗೊಳಿಸುತ್ತಾನೆ. ಮಂಡಳಿಯ ಸಭೆಗೆ ತಲುಪುವ ಹೊತ್ತಿಗೆ ಎಲ್ಲವೂ ಕ್ಷೇಮವಾಗಿರುತ್ತದೆ. ತಪ್ಪು ನಿರ್ಣಯದ ಫಲವು ಮಾತ್ರ ಕೆಳಗಿನವರಿಗೇ ಸಲ್ಲುತ್ತದೆ. ಅಧಿಕಾರಿಗೆ ಬೇರೊಂದು ಊರು, ಬೇರೊಂದು ಹುದ್ದೆ ದೊರೆತೀತು. ಐವತ್ತು ದಾಟಿದ ಕಾರ್ಮಿಕನಿಗೆ ಗಿರಣಿಯ ಬಾಗಿಲು ಮುಚ್ಚಿದರೆ ಇನ್ನೊಂದು ಬಾಗಿಲಿಲ್ಲ.

ಹನ್ನೆರಡನೆಯ ಶತಮಾನದ ಕದಿರ ರೆಮ್ಮವ್ವೆಯನ್ನು ಇಲ್ಲಿ ನೆನೆಯಬೇಕು. ನೂಲುವುದು ಆಕೆಯ ಕಾಯಕ. ತಾನು ತಿರುಗಿಸುವ ರಾಟೆಯ ಒಂದೊಂದು ಭಾಗದಲ್ಲಿಯೂ ಆಕೆ ದೈವತತ್ತ್ವವನ್ನು ಕಂಡಳು. ಕೈಯಿಟ್ಟು ದುಡಿದವಳಿಗಲ್ಲದೆ ಆ ಕಾಣ್ಕೆ ದೊರೆಯದು. ನೂಲುವ ಹೆಣ್ಣುಮಗಳ ಅನುಭವವನ್ನೂ ವಚನವೆಂದು ಗೌರವಿಸಿದ್ದು ಶರಣ ಸಮಾಜದ ಹಿರಿಮೆ. ನುಲಿಯ ಚಂದಯ್ಯನವರ ಕಥನವು ಇನ್ನೂ ಮುಂದೆ ಹೋಗುತ್ತದೆ. ಹುಲ್ಲು ಕೊಯ್ಯುವಾಗ ಇಷ್ಟಲಿಂಗವು ಕೆಳಗೆ ಜಾರಿದರೂ ಅವರು ಕಾಯಕವನ್ನು ನಿಲ್ಲಿಸಲಿಲ್ಲ. ಕೊನೆಗೆ ಲಿಂಗವೇ ಅವರ ಹಗ್ಗವನ್ನು ಮಾರಿಬರಬೇಕಾಯಿತಂತೆ. ಪೂಜೆಗೊಳ್ಳುವ ಲಿಂಗಕ್ಕೇ ಕಾಯಕದಿಂದ ವಿನಾಯಿತಿಯಿಲ್ಲವೆಂದ ಮೇಲೆ ವ್ಯವಸ್ಥಾಪಕರಿಗೆ ಇರುವುದು ಹೇಗೆ?

ಕಾನೂನೂ ಈ ದಿಕ್ಕನ್ನು ತೋರಿದೆ. ನೂರು ಅಥವಾ ಹೆಚ್ಚು ಕಾರ್ಮಿಕರುಳ್ಳ ಉದ್ಯಮದಲ್ಲಿ ಉಭಯ ಪಕ್ಷದವರ ಕಾರ್ಯಸಮಿತಿಗೆ 1947ರ ಕೈಗಾರಿಕಾ ವಿವಾದಗಳ ಕಾಯ್ದೆಯು ಅವಕಾಶ ಕಲ್ಪಿಸಿತು. 2020ರ ಕೈಗಾರಿಕಾ ಸಂಬಂಧಗಳ ಸಂಹಿತೆಯೂ ಅದನ್ನು ಉಳಿಸಿಕೊಂಡಿದೆ. ಆಡಳಿತದಲ್ಲಿ ಕಾರ್ಮಿಕರು ಭಾಗವಹಿಸಬೇಕೆಂಬ 43ಎ ವಿಧಿಯು 1976ರ ತಿದ್ದುಪಡಿಯಿಂದ ಸಂವಿಧಾನವನ್ನು ಸೇರಿತು. ಆದರೆ ಸಹಿ ಹಾಕಿ ಚಹಾ ಕುಡಿದು ಏಳುವ ಸಮಿತಿಯಿಂದ ಪ್ರಯೋಜನವಿಲ್ಲ.

ಆದ್ದರಿಂದ ಹಿರಿಯ ಅಧಿಕಾರಿಗಳು ವರ್ಷಕ್ಕೆ ಕೆಲವು ದಿನವಾದರೂ, ಮುನ್ಸೂಚನೆಯಿಲ್ಲದೆ, ಪೂರ್ಣ ಪಾಳಿಯೊಂದನ್ನು ಕಾರ್ಮಿಕರ ಜೊತೆ ಕಳೆಯಲಿ; ರಾತ್ರಿಯ ಪಾಳಿಯಾದರೆ ಇನ್ನೂ ಉತ್ತಮ. ಅಪ್ರಿಯ ಸತ್ಯವನ್ನು ಹೇಳಿದವನಿಗೆ ಶಿಕ್ಷೆಯಾಗದಂತೆ ನೋಡಿಕೊಳ್ಳಲಿ. ಕೆಳಗಿನವರೂ ಕಂಡದ್ದನ್ನು ಕಂಡಂತೆ ನುಡಿಯಲಿ. ಅದೂ ಕಾಯಕದ ಭಾಗವೇ. ಎತ್ತರದ ಪೀಠದಲ್ಲಿರುವವರಿಗೆ ಕೆಳಗಿನ ದನಿಯನ್ನು ಆಲಿಸುವ ವಿನಯವನ್ನು ಬಸವಾದಿ ಶರಣರು ಕರುಣಿಸಲಿ.