ಬಿಸಲು ಗಳಿಕಿ, ಬ್ಯಾಟರಿ ಹಗೇವು

ನಮ್ಮನಿಯವರು ರಿಟೈರ್ ಆದಾಗಿಂದ ಮನ್ಯಾಗ ಒಂದೇ ಮಾತು. ಹಳೇ ವ್ಯಾನಿನೊಳಗ ಮಲಗೋ ಹಂಗ, ಅಡಗಿ ಮಾಡೋ ಹಂಗ ಮಾಡಿಸ್ಕೊಂಡು ಊರೂರು ತಿರಗೋಣು ಅಂತ. ಮ್ಯಾಲೆ ಸೋಲಾರ್ ಪ್ಯಾನಲ್, ಒಳಗ ಬ್ಯಾಟರಿ. ಅಪ್ಪ-ಮಗ ಟೇಪ್ ಹಿಡದು ಎಷ್ಟು ಪ್ಯಾನಲ್ ಕೂಡ್ತಾವ ಅಂತ ಅಳೀಲಿಕತ್ತಾರ. ನಾ ಅನ್ನೋದು, ಮದಲ ಖರ್ಚಿನ ಪಟ್ಟಿ ಬರೀರಿ, ಆಮ್ಯಾಲೆ ಗಳಿಕಿ ನೋಡ್ರಿ.

ನಮಗ ತಿಳಿಯೋ ಲೆಕ್ಕ ಅಂದ್ರ ಮೀಟರಿನ ಯೂನಿಟ್. 1000 ವ್ಯಾಟಿಂದು ಒಂದು ತಾಸು ಓಡಿದ್ರ ಒಂದು ಯೂನಿಟ್. 100 ವ್ಯಾಟಿನ ಪ್ಯಾನಲ್ ಛಲೋ ಬಿಸಲಾಗ ದಿನಕ್ಕ ಸುಮಾರು 0.4 ಯೂನಿಟ್ ಕೊಡ್ತದ. ಮಾಡ ಕವಿದ್ರ ಅದರಾಗ ಕಾಲು ಭಾಗ ಬಂದ್ರೂ ಪುಣ್ಯ.

ಇನ್ನ ಖರ್ಚು. ಖರೇ ತಿನ್ನೋದು ದೊಡ್ಡ ಸಪ್ಪಳ ಮಾಡೋದಲ್ಲ, ದಿನವಿಡೀ ಓಡೋದು. 500 ವ್ಯಾಟಿನ ಮಿಕ್ಸರ್ ಐದು ನಿಮಿಷ ತಿರುಗಿಸಿದ್ರ 0.04 ಯೂನಿಟ್. ಸಣ್ಣ 12 ವೋಲ್ಟ್ ಫ್ರಿಜ್ಜು 45 ವ್ಯಾಟಿಂದ ಇರಬಹುದು, ಆದ್ರ ಅರ್ಧ ದಿನ ಓಡಿದ್ರ ಅರ್ಧ ಯೂನಿಟ್ ಹೋತು. ದೀಪ, ಫ್ಯಾನು, ಫೋನು ಕೂಡಿ ಇನ್ನೊಂದು 0.3. ಹಂಗಾಗಿ 300 ವ್ಯಾಟಿನ ಪ್ಯಾನಲ್ ಸಾಕು.

"ಅಮ್ಮಾ, ಇಂಡಕ್ಷನ್ ಒಲಿನೂ ಇಡೋಣು, ಬಿಸಲು ಪುಕ್ಕಟ ಅಲ್ಲೇನು?" ಅಂತಾನ ಮಗ. ಬಿಸಲು ಪುಕ್ಕಟ ಖರೇ, ಅದನ್ನ ತುಂಬಿಡೋ ಹಗೇವು ಪುಕ್ಕಟ ಅಲ್ಲ. 2000 ವ್ಯಾಟಿನ ಒಲಿ ಅರ್ಧ ತಾಸು ಉರಿದ್ರ ಒಂದು ಯೂನಿಟ್, ಅಂದ್ರ ಉಳದ ಎಲ್ಲಾ ಸಾಮಾನು ಇಡೀ ದಿನ ತಿನ್ನೋದಕ್ಕಿಂತ ಹೆಚ್ಚು. ಅದಕ್ಕಂತ ಬ್ಯಾಟರಿ ದೊಡ್ಡದು ಮಾಡಿದ್ರ ಪಿಂಚಣಿ ಗಂಟು ಕರಗ್ತದ. ಅಡಗಿ ಗ್ಯಾಸಿನ ಮ್ಯಾಲೆ, ವ್ಯಾನಿನ ಹೊರಗ ಮಾಡೋದು ಛಲೋ.

12 ವೋಲ್ಟಿನ 200 ಆಂಪಿಯರ್-ಅವರ್ ಬ್ಯಾಟರಿಯೊಳಗ 2.4 ಯೂನಿಟ್ ಹಿಡಿತದ. ಲಿಥಿಯಂ ಆದ್ರ ಬಹುಪಾಲು ಬಳಸಬಹುದು, ಎರಡು ದಿನ ಬಿಸಲು ಬರಲಿಲ್ಲಂದ್ರೂ ನಡೀತದ. ಮನಿ ಇನ್ವರ್ಟರಿನ ಆ್ಯಸಿಡ್ ಬ್ಯಾಟರಿ ಸೋವಿ, ಆದ್ರ ಅರ್ಧಕ್ಕಿಂತ ಹೆಚ್ಚು ಖಾಲಿ ಮಾಡಿದ್ರ ಲಗೂ ಕೆಡ್ತದ. ಭಾರನೂ ಭಾಳ. ಚಾರ್ಜ್ ಆಗೋವಾಗ ಹೈಡ್ರೋಜನ್ ಬಿಡ್ತದ, ಮಲಗೋ ಜಾಗಾದಾಗ ಇಡಬಾರದು.

ಒಂದು ಫಜೀತಿ ಅದ. ಗಿಡದ ನೆರಳಾಗ ನಿಲ್ಲಿಸಿದ್ರ ವ್ಯಾನು ತಂಪು, ಪ್ಯಾನಲ್ ಉಪಾಸ. ಅದಕ್ಕ ಒಂದು ಪ್ಯಾನಲ್ ಬಿಚ್ಚಿ ಬಿಸಲಾಗ ಇಡೋ ಹಂಗ ಉದ್ದ ವೈರು ಇರಲಿ.

ಪಟ್ಟಿಯಾಗ ಟಿವಿ ಬಿಡಬಹುದು, ಫ್ರಿಜ್ಜು ಬಿಡೋ ಹಂಗಿಲ್ಲ. ಅತ್ತಿಯವರೂ ನಮ್ಮ ಜೋಡಿ ಬರ್ತಾರ. ಅವರ ಇನ್ನೂ ಬಿಚ್ಚದ ಇನ್ಸುಲಿನ್ 2ರಿಂದ 8 ಡಿಗ್ರಿಯೊಳಗ ಇರಬೇಕು. ಅಳತಿ ಟೇಪಿಗೆ ಇದು ಗೊತ್ತಾಗೂದಿಲ್ಲ. ಮನ್ಯಾಗ ಯಾರಿಗೆ ಯಾವಾಗ ಏನು ಬೇಕು ಅಂತ ತಿಳದವರ ಕೈಯಾಗ ಪೆನ್ನು ಕೊಡ್ರಿ, ಆಮ್ಯಾಲೆ ಅಂಗಡಿಗೆ ಹೋಗ್ರಿ.