ಮಾಂಸ ಬಿಡುವುದಕ್ಕೂ ಮಡಿಗೂ ಏನು ಸಂಬಂಧ?

2024ರ ಡಿಸೆಂಬರ್‌ನಲ್ಲಿ ಮಂಡ್ಯದಲ್ಲಿ ನಡೆದ 87ನೇ ಕನ್ನಡ ಸಾಹಿತ್ಯ ಸಮ್ಮೇಳನದ ಮಳಿಗೆ ನಿಯಮಗಳಲ್ಲಿ ಮದ್ಯ, ತಂಬಾಕಿನ ಸಾಲಿಗೆ ಮಾಂಸಾಹಾರವನ್ನೂ ಸೇರಿಸಿ ನಿಷೇಧಿಸಲಾಗಿತ್ತು. ‘ಬಾಡೂಟ ಬೇಕು’ ಎಂಬ ಕೂಗೆದ್ದಿತು. ಆ ಸಿಟ್ಟು ನ್ಯಾಯವಾದದ್ದೇ. ಮುದ್ದೆ, ನಾಟಿಕೋಳಿ ಸಾರು ಉಂಡು ಬೆಳೆದ ನಾನೂ ಅದೇ ಕಡೆಯವನು.

ಆದರೂ ಇಪ್ಪತ್ತರ ಈ ವಯಸ್ಸಿನಲ್ಲಿ ಮಾಂಸ ಬಿಡುವ ಯೋಚನೆ ಕಾಡುತ್ತಿದೆ. ಅದಕ್ಕೆ ಕಾರಣ ಕೋಳಿಯ ಪಾಡು. ಬ್ರಾಯ್ಲರ್ ಕೋಳಿ ಬದುಕುವುದು ಸುಮಾರು ಆರು ವಾರ. ಪಂಜರದ ಮೊಟ್ಟೆಕೋಳಿಗೆ ಸಿಗುವ ಜಾಗ ನಮ್ಮ ಅಸೈನ್‌ಮೆಂಟ್‌ನ ಎ4 ಹಾಳೆಗಿಂತ ಚಿಕ್ಕದು. ಹಾಲು, ತುಪ್ಪ ಉಣ್ಣುವವರಿಗೂ ಪ್ರಶ್ನೆಯಿದೆ: ಗಂಡುಕರು ಕೊನೆಗೆ ಎಲ್ಲಿಗೆ ಹೋಗುತ್ತದೆ?

ನಮ್ಮಲ್ಲಿ ಈ ಚರ್ಚೆ ಜಾತಿಯ ಮೇಲು–ಕೀಳಿನಲ್ಲೇ ಮುಗಿದುಹೋಗುತ್ತದೆ. ‘ಮಾಂಸ ಬಿಡಬೇಕು ಅನ್ನಿಸ್ತಿದೆ’ ಎಂದರೆ ಹಾಸ್ಟೆಲ್‌ ಗೆಳೆಯರು, ‘ಯಾವಾಗಿಂದ ಮಡಿವಂತ ಆದ್ಯೋ?’ ಎಂದು ನಗುತ್ತಾರೆ. ಪ್ರಾಣಿಯ ನೋವಿನ ಮಾತು ಅಲ್ಲಿಗೇ ನಿಲ್ಲುತ್ತದೆ.

ನನ್ನ ತಟ್ಟೆಯಲ್ಲಿ ಏನಿರಬೇಕೆಂದು ನಾನು ತೀರ್ಮಾನಿಸಬಹುದು. ಸರ್ಕಾರಿ ಶಾಲೆಯ ಮಗುವಿನ ತಟ್ಟೆಯಿಂದ ಮೊಟ್ಟೆ ತೆಗೆಯಿರಿ ಎನ್ನುವ ಹಕ್ಕು ನನಗಿಲ್ಲ. ದಯೆ ಮತ್ತೊಬ್ಬರನ್ನು ಕೀಳಾಗಿ ಕಾಣುವ ನೆಪವಾಗಬಾರದು. ಸದ್ಯಕ್ಕೆ ಬ್ರಾಯ್ಲರ್ ಬಿಟ್ಟಿದ್ದೇನೆ. ಹಬ್ಬದ ದಿನ ಮನೆಯಲ್ಲಿ ಅವ್ವ ಮಾಡುವ ನಾಟಿಕೋಳಿ ಸಾರಿನ ವಿಷಯ ಇನ್ನೂ ತೀರ್ಮಾನವಾಗಿಲ್ಲ.